ಮೇಷ್ಟ್ರ ಬದುಕು, ಕವಿಗಳ ಬದುಕು

ನಮ್ಮ ಅಡುಗೆಮನೆಯಲ್ಲಿ ಒಂದು ಸ್ಟೀಲ್ ಸ್ಕೇಲ್ ಇದೆ. ಅದರ ಒಂದು ಅಂಚಿನಲ್ಲಿ ಇಂಚಿನ ಗೆರೆಗಳಿವೆ, ಇನ್ನೊಂದರಲ್ಲಿ ಪತ್ರಿಕೆಯವರಿಗೆ ಮಾತ್ರ ತಿಳಿಯುವ ಗೆರೆಗಳಿವೆ. ಪುಟ ಕಟ್ಟುವಾಗ ಅಂಕಣದ ಅಗಲ ಅಳೆಯಲು ಬಳಸುತ್ತಿದ್ದ ಸ್ಕೇಲ್ ಅದು. ಮೈಸೂರಿನಿಂದ ಪರ್ತ್‌ಗೆ ಬರುವಾಗ ಅದನ್ನೇಕೆ ಪೆಟ್ಟಿಗೆಗೆ ಹಾಕಿಕೊಂಡೆನೋ ನನಗೇ ಗೊತ್ತಿಲ್ಲ. ಈಗ ಅದರಿಂದ ಕೊಬ್ಬರಿ ಮಿಠಾಯಿ ಕತ್ತರಿಸುತ್ತೇನೆ. ತುಂಡುಗಳು ಒಂದೇ ಅಳತೆಗೆ ಬರುತ್ತವೆ. ಇಲ್ಲಿ ನಮ್ಮ ಸದರ್ನ್ ರಿವರ್ ಬಡಾವಣೆಯ ನಾಲ್ಕಾರು ಕನ್ನಡದ ಮನೆಗಳಲ್ಲಿ ನನಗೆ ಸ್ವಲ್ಪ ಹೆಸರು ಬಂದಿದ್ದರೆ ಅದು ಈ ಮಿಠಾಯಿಯಿಂದಲೇ ಹೊರತು, ನಾನು ತಿದ್ದಿದ ಸುದ್ದಿಗಳಿಂದಲ್ಲ.

ಆ ಸ್ಕೇಲ್ ಕೈಗೆತ್ತಿಕೊಂಡಾಗಲೆಲ್ಲ ನನಗೆ ಒಂದು ಎಮ್ಮೆ ನೆನಪಾಗುತ್ತದೆ.

ಆಗಿನ್ನೂ ಸುದ್ದಿಯ ಪಟ್ಟಿಗಳನ್ನು ಕತ್ತರಿಸಿ ಪುಟಕ್ಕೆ ಅಂಟಿಸುವ ಕಾಲ. ಒಂದು ದಿನ ನಮ್ಮ ಪತ್ರಿಕೆಯ ಮೂರನೇ ಪುಟದಲ್ಲಿ ಎರಡು ಸಣ್ಣ ಸುದ್ದಿಗಳಿದ್ದವು. ಒಂದು, ಪುರಸಭೆಯ ಇಂಜಿನಿಯರ್ ಒಬ್ಬರ ನಿವೃತ್ತಿ. ಇನ್ನೊಂದು, ಜಾನುವಾರು ಪ್ರದರ್ಶನದಲ್ಲಿ ಗೆದ್ದ ಎಮ್ಮೆ. ಅಂಟಿಸುವಾಗ ಎರಡರ ಕೊನೆಯ ಪ್ಯಾರಾಗಳು ಅದಲುಬದಲಾದವು. ಬೆಳಗ್ಗೆ ಊರು ಓದಿತು: ಇಂಜಿನಿಯರ್ ಸಾಹೇಬರು ಅತಿ ಹೆಚ್ಚು ಹಾಲು ಕೊಟ್ಟು ಮೊದಲ ಬಹುಮಾನ ಗಳಿಸಿದ್ದರು. ಎಮ್ಮೆ ಪತ್ನಿ ಮತ್ತು ಇಬ್ಬರು ಪುತ್ರರೊಂದಿಗೆ ವಿಶ್ರಾಂತ ಜೀವನ ನಡೆಸಲಿತ್ತು. ಸಾಹೇಬರು ಜಗಳಕ್ಕೆ ಬರುತ್ತಾರೆಂದು ನಾವೆಲ್ಲ ಕಾದೆವು. ಅವರು ಬಂದರು, ನಕ್ಕರು, ನೆಂಟರಿಗೆ ಕಳಿಸಲು ಹತ್ತು ಪ್ರತಿ ತೆಗೆದುಕೊಂಡು ಹೋದರು. ನಾನು ಮಾತ್ರ ಆ ದಿನದಿಂದ ಯಾವ ಬರಹ ಕೈಗೆ ಬಂದರೂ ಮೊದಲು ಕೊನೆಯ ಪ್ಯಾರಾ ಇದರದೇ ಹೌದೇ ಎಂದು ನೋಡುವವನಾದೆ.

ಕಳೆದ ವರ್ಷ ಅಂಥದೊಂದು ಕಾಪಿ, ಎಂದರೆ ತಿದ್ದಬೇಕಾದ ಬರಹ, ಮತ್ತೆ ನನ್ನ ಕೈಗೆ ಬಂತು. ಈ ಸಲ ಸೇರಿಹೋಗಿದ್ದದ್ದು ಇಬ್ಬರು ಮನುಷ್ಯರ ಬದುಕು. ಒಬ್ಬರು ಆರು ನೂರು ವರ್ಷಗಳ ಹಿಂದೆ ಲಂಡನ್ನಿನಲ್ಲಿದ್ದ ಇಂಗ್ಲಿಷ್ ಕವಿ. ಇನ್ನೊಬ್ಬರು ಬ್ರಿಸ್ಬೇನಿನ ಇಂಡೂರೂಪಿಲ್ಲಿಯಲ್ಲಿ ಮಗಳ ಮನೆಯಲ್ಲಿರುವ ನಮ್ಮ ನರಹರಿ ಮೇಷ್ಟ್ರು.

ಮೇಷ್ಟ್ರು ನಮ್ಮ ತಾಲ್ಲೂಕು ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟವರು. ಹೇಳಿಕೊಟ್ಟದ್ದು ಕನ್ನಡದಲ್ಲಿ, ಅದು ಬೇರೆ ಮಾತು. ನಮಗೆ ಗೊತ್ತಿದ್ದದ್ದು ಕನ್ನಡ ಪಠ್ಯದ ಕವಿ ಪರಿಚಯ ಒಂದೇ ತಾನೆ? ಕವಿಯ ಕಾಲ, ಸ್ಥಳ, ತಂದೆ ತಾಯಿ, ಆಶ್ರಯ ಕೊಟ್ಟ ರಾಜ, ಕೃತಿಗಳು, ಬಿರುದು. ಉರು ಹೊಡೆದರೆ ಅಂಕ ಖಚಿತ. ಮೇಷ್ಟ್ರು ಇಂಗ್ಲಿಷ್ ಕವಿಯನ್ನೂ ಅದೇ ಚೌಕಟ್ಟಿಗೆ ಕೂರಿಸಿದರು. ಆಶ್ರಯದಾತರು: ಇಂಗ್ಲೆಂಡಿನ ರಾಜರು, ಒಬ್ಬರಾದ ಮೇಲೊಬ್ಬರು. ಬಿರುದು: ಇಂಗ್ಲಿಷ್ ಕಾವ್ಯದ ಪಿತಾಮಹ. ಹೆಸರನ್ನು ಮಾತ್ರ ಮೊದಲ ದಿನ ಒಂದು ಸಲ ಬೋರ್ಡಿನ ಮೇಲೆ ಬರೆದರು. ಆಮೇಲೆ ಎಂದೂ ಬಾಯಲ್ಲಿ ತರಲಿಲ್ಲ. 'ಕವಿಗಳು' ಎನ್ನುತ್ತಿದ್ದರು. ಹಿಂದಿನ ಬೆಂಚಿನ ಒಬ್ಬ ಯಾಕೆ ಸಾರ್ ಎಂದದ್ದಕ್ಕೆ, "ನಿಮ್ಮಜ್ಜನ್ನ ಹೆಸರು ಹಿಡ್ದು ಕೂಗ್ತೀಯೇನೋ?" ಎಂದಿದ್ದರು. ಅಭ್ಯಾಸಬಲ ನೋಡಿ, ನಾನೂ ಇಲ್ಲಿ ಹೆಸರು ಹಿಡಿಯುತ್ತಿಲ್ಲ.

ಇನ್ನು ನಾನು. ನನ್ನ ಹೆಂಡತಿ ಶೈಲಜಾ ಭೂವಿಜ್ಞಾನಿ. ಉತ್ತರದ ಕಡೆ ಕಬ್ಬಿಣದ ಅದಿರಿನ ಗಣಿಯಲ್ಲಿ ಎರಡು ವಾರ ಇರುತ್ತಾಳೆ, ಒಂದು ವಾರ ಮನೆಗೆ ಬರುತ್ತಾಳೆ. ನಾನು ಅವಳ ವೀಸಾದ ಆಸರೆಯಲ್ಲಿ ಬಂದವನು. ಸರ್ಕಾರದ ಕಾಗದದಲ್ಲಿ ನಾನು 'ಅವಲಂಬಿತ'. ಮೂವತ್ತು ವರ್ಷ ಬೇರೆಯವರ ವಾಕ್ಯಗಳಲ್ಲಿ ಅನಗತ್ಯ ವಿಶೇಷಣ ಹೊಡೆದುಹಾಕಿದವನಿಗೆ ಇದೊಂದನ್ನು ಹೊಡೆದುಹಾಕಲು ಆಗಿಲ್ಲ.

ಒಂದು ಮಧ್ಯಾಹ್ನ ಮೇಷ್ಟ್ರ ಮಗಳು ವಸುಧಾ ಫೋನ್ ಮಾಡಿದಳು. ಬ್ರಿಸ್ಬೇನಿನಲ್ಲಿ ನೀರು ಸರಬರಾಜಿನ ಇಂಜಿನಿಯರ್. ಒಬ್ಬಳೇ ಮಗಳು. ಅವಳು ಲಂಗ ತೊಡುತ್ತಿದ್ದ ಕಾಲದಿಂದ ನನಗೆ ಗೊತ್ತು.

"ರಘಣ್ಣ, ಅಪ್ಪ ಒಪ್ಕೊಂಡ್ಬಿಟ್ಟಿದಾರೆ."

"ಏನನ್ನಮ್ಮ?"

"ಅಡಿಲೇಡ್ ಸಂಘದವ್ರು ರಾಜ್ಯೋತ್ಸವಕ್ಕೆ ಕರ್ದಿದಾರೆ. ಕವಿ ಪರಿಚಯ ಅಂತ ಭಾಷಣ. ನನ್ನನ್ನ ಒಂದ್ ಮಾತು ಕೇಳ್ದೆ ಎಸ್ ಅಂದಿದಾರೆ."

"ಒಳ್ಳೇದಲ್ವಾ?"

"ಏನ್ ಒಳ್ಳೇದು? ಮರೆವು ಶುರುವಾಗಿದೆ ಅಂತ ಹೇಳಿದ್ನಲ್ಲ. ಈಗ ಬರೀ ಮರೆವಲ್ಲ, ಮಿಕ್ಸ್ ಆಗ್ತಿದೆ. ಮೊನ್ನೆ ಇಲ್ಲಿನ ಡಾಕ್ಟರು ಮೊದಲೇನು ಕೆಲಸ ಮಾಡ್ತಿದ್ರಿ ಅಂದ್ರೆ, ಲಂಡನ್ ಬಂದರಲ್ಲಿ ಉಣ್ಣೆ ಸುಂಕದ ಅಧಿಕಾರಿ ಅಂದ್ರು. ಅದೂ ಎಂಥ ಇಂಗ್ಲಿಷಲ್ಲಿ! ಡಾಕ್ಟರು ಬರ್ಕೊಂಡ್ಬಿಟ್ರು. ಫೈಲಲ್ಲಿ ಈಗ್ಲೂ ಹಾಗೇ ಇದೆ."

ನನಗೆ ನಗು ಬಂತು. ಅವಳಿಗೆ ಬರಲಿಲ್ಲ.

"ಬೇಡಪ್ಪ ಅಂದ್ರೆ ಊಟ ಬಿಟ್ಟು ಕೂತ್ಕೋತಾರೆ. ಸುಮ್ನಿದ್ರೆ ಅಷ್ಟು ಜನದ ಮುಂದೆ ನಿಂತ್ಕೊಂಡು ನಾನು ಸುಂಕದ ಅಧಿಕಾರಿ ಅಂತಾರೆ. ಜನ ನಕ್ಬಿಟ್ರೆ ರಘಣ್ಣ? ಅಪ್ಪನ್ನ ನೋಡಿ ಜನ ನಗೋದನ್ನ ನಾನು ಇದುವರೆಗೂ ನೋಡಿಲ್ಲ. ನೀವೇ ಏನಾದ್ರೂ ಮಾಡಿ. ನಿಮ್ಮ ಕೆಲಸಾನೇ ಅದಲ್ವಾ, ಬೇರೆಯವ್ರು ಹೇಳಿದ್ದನ್ನ ಸರಿಮಾಡೋದು."

ಹೀಗೆ ನಾನು ಮತ್ತೆ ಡೆಸ್ಕಿಗೆ ಕುಳಿತೆ. ಏರ್ಪಾಡು ಸರಳವಾಗಿತ್ತು. ಮೇಷ್ಟ್ರು ಫೋನಿನಲ್ಲಿ ಹೇಳುತ್ತಾರೆ, ನಾನು ಬರೆದುಕೊಂಡು, ಕವಿಗಳದನ್ನು ಇಟ್ಟು, ಮೇಷ್ಟ್ರದನ್ನು ತೆಗೆದು, ಅಚ್ಚುಕಟ್ಟಾದ ಭಾಷಣ ಮಾಡಿ ಕಳಿಸುತ್ತೇನೆ.

ಗೊಂದಲ ಗಡಿಯಾರದಿಂದಲೇ ಶುರುವಾಯಿತು. ಪರ್ತ್ ಬ್ರಿಸ್ಬೇನ್‌ಗಿಂತ ಎರಡು ಗಂಟೆ ಹಿಂದೆ. ಅದು ಸರಿ, ನಾವು ಪಶ್ಚಿಮದಲ್ಲಿದ್ದೇವೆ. ಅಡಿಲೇಡ್ ಕೂಡ ಬ್ರಿಸ್ಬೇನ್‌ನ ಪಶ್ಚಿಮಕ್ಕೇ ಇದೆ, ಆದರೆ ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ಬ್ರಿಸ್ಬೇನ್‌ಗಿಂತ ಅರ್ಧ ಗಂಟೆ ಮುಂದೆ ಓಡುತ್ತದೆ. ಇದನ್ನು ಮೇಷ್ಟ್ರಿಗೆ ವಿವರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಸೂರ್ಯನಿಗೆ ತಿಳಿಸಿದಾರಂತಾ?"

ಮೊದಲ ದಿನ ಕಾಗದ ಪೆನ್ನು ಹಿಡಿದು ಕುಳಿತೆ.

"ಬರ್ಕೋ. ನಾನು ಚಿಕ್ಕವನಿದ್ದಾಗ—"

"ಸಾರ್, ನೀವಾ, ಕವಿಗಳಾ?"

"ಕವಿಗಳು ಕಣಯ್ಯ. ನಾನು ಚಿಕ್ಕವನಾಗಿದ್ದನ್ನ ಕಟ್ಕೊಂಡು ಅಡಿಲೇಡ್‌ನವ್ರಿಗೆ ಏನಾಗ್ಬೇಕಾಗಿದೆ? ಬರ್ಕೋ. ಪ್ಲೇಗ್ ಬಂದು ಲಂಡನ್ನೇ ಅರ್ಧ ಖಾಲಿಯಾಯ್ತು. ಊರಾಚೆ ಗರಿ ಗುಡಿಸಲು ಹಾಕ್ಕೊಂಡು ಇದ್ವಿ. ಇಲಿ ಬಿದ್ರೆ ಸಾಕು, ಮನೆ ಬಿಡೋದು."

ವಾಕ್ಯದ ಮೊದಲರ್ಧ ಲಂಡನ್ನಿನದು. ಎರಡನೆಯದು ಮೈಸೂರಿನದು, ಅದೂ ಮೇಷ್ಟ್ರು ಹುಟ್ಟುವ ಮೊದಲಿನದು. ಅವರ ಅಜ್ಜಿ ಹೇಳಿದ್ದಿರಬೇಕು. ನಾನು ಗುಡಿಸಲು ಹೊಡೆದುಹಾಕಿದೆ.

ಕೆಲವು ಸಂಗತಿಗಳು ಸುಲಭವಾಗಿ ಬೇರೆಯಾದವು. ಯುದ್ಧಕ್ಕೆ ಹೋಗಿ ಫ್ರಾನ್ಸಿನಲ್ಲಿ ಸೆರೆಯಾಗಿ, ರಾಜ ಹಣ ಕೊಟ್ಟು ಬಿಡಿಸಿಕೊಂಡದ್ದು ಕವಿಗಳೇ. ಮೇಷ್ಟ್ರು ಎನ್‌ಸಿಸಿಯ ಕವಾಯತಿಗೂ ಹೋದವರಲ್ಲ. ಕವಿಗಳ ತಂದೆ ದ್ರಾಕ್ಷಾರಸದ ವ್ಯಾಪಾರಿ. ಇದನ್ನು ಖಚಿತಪಡಿಸಿಕೊಳ್ಳಲು ವಸುಧಾಳನ್ನು ಕೇಳಿದೆ. "ನಮ್ ತಾತಾನಾ? ಹೋಟ್ಲು ನೀರು ಕುಡೀತಿರ್ಲಿಲ್ಲ ರಘಣ್ಣ ಅವ್ರು!" ಎಂದಳು. ರಾಜ ಕವಿಗಳಿಗೆ ದಿನಕ್ಕೊಂದು ಹೂಜಿ ದ್ರಾಕ್ಷಾರಸ ಕೊಡಬೇಕೆಂದು ಅಪ್ಪಣೆ ಮಾಡಿದ್ದ. ಮೇಷ್ಟ್ರು ಅದನ್ನು ಒಂದು ಸಲ ಸರಿಯಾಗಿ ಹೇಳಿದರು. ಮರುವಾರ ಅದು ದಿನಕ್ಕೊಂದು ಹೂಜಿ ಕಾಫಿಯಾಯಿತು. "ಸ್ಟ್ರಾಂಗಾಗಿರ್ತಿತ್ತು," ಎಂದೂ ಸೇರಿಸಿದರು.

ಕವಿಗಳನ್ನು ದರೋಡೆಕೋರರು ಕೆಲವೇ ದಿನಗಳ ಅಂತರದಲ್ಲಿ ಎರಡು ಸಲ ದೋಚಿದರಂತೆ. ಮೇಷ್ಟ್ರ ಬಾಯಲ್ಲಿ ಎರಡನೆಯ ದರೋಡೆ ಬಸ್ ಸ್ಟ್ಯಾಂಡಿನಲ್ಲಿ ನಡೆಯಿತು. ವಿಚಾರಿಸಿದರೆ ಮೇಷ್ಟ್ರ ಜೇಬೂ ಒಂದು ಸಲ ಬಸ್ ಸ್ಟ್ಯಾಂಡಿನಲ್ಲಿ ಕತ್ತರಿಯಾಗಿತ್ತು.

ಸುಂಕದ ಕೆಲಸದ ವಿಷಯವಾಗಿ ನಾನು ಗ್ರಂಥಾಲಯಕ್ಕೂ ಹೋಗಿ ಬಂದೆ. ಅಲ್ಲಿ ಓದಿದ್ದು ನನ್ನನ್ನು ಇನ್ನಷ್ಟು ಗಲಿಬಿಲಿಗೊಳಿಸಿತು. ಕವಿಗಳ ಬಗ್ಗೆ ಆ ಕಾಲದ ದಾಖಲೆಗಳು ನೂರಾರು ಉಳಿದಿವೆ. ಸುಂಕದ ಅಧಿಕಾರಿಯಾಗಿದ್ದರು, ರಾಜಕಾರ್ಯಕ್ಕೆ ಹೊರದೇಶಕ್ಕೆ ಹೋದರು, ಬಾಡಿಗೆ ಮನೆ ಹಿಡಿದರು, ದೋಚಿಸಿಕೊಂಡರು, ಎಲ್ಲ ಇದೆ. ಅವರು ಕವಿತೆ ಬರೆಯುತ್ತಿದ್ದರು ಎಂದು ಒಂದೇ ಒಂದು ದಾಖಲೆಯಲ್ಲೂ ಇಲ್ಲ. ನಾನು ಆಗ ವರದಿಗಾರನಾಗಿದ್ದರೆ ಏನು ಬರೆಯುತ್ತಿದ್ದೆ? 'ಸುಂಕದ ಮಾಜಿ ಅಧಿಕಾರಿ ನಿಧನ.' ಒಂದು ಕಾಲಮ್ಮು, ನಾಲ್ಕು ಸಾಲು. ಪ್ರತಿ ಅಕ್ಷರವೂ ನಿಜ.

ಈ ನಡುವೆ ಅಡಿಲೇಡ್ ಸಂಘದ ಕಾರ್ಯದರ್ಶಿ ಪ್ರಶಾಂತ ಫೋನ್ ಮಾಡಿದ. ಹುಡುಗ ಬೆಂಗಳೂರಿನ ಕಡೆಯವನು, ಸಾಫ್ಟ್‌ವೇರ್. "ಸರ್, ಕಮಿಟೀಲಿ ಸ್ವಲ್ಪ ಡಿಸ್ಕಷನ್ ಆಯ್ತು. ಕವಿ ಪರಿಚಯ ಅಂದಾಗ ನಾವು ಕನ್ನಡ ಕವಿ ಅಂದ್ಕೊಂಡಿದ್ವಿ. ರಾಜ್ಯೋತ್ಸವಕ್ಕೆ ಇಂಗ್ಲಿಷ್ ಪೊಯೆಟ್ ಅಂದ್ರೆ..." ಎಂದು ಎಳೆದ. ನಾನು ಮೇಷ್ಟ್ರನ್ನು ಕೇಳಿದೆ. ಆ ದಿನ ಅವರ ಮಾತು ಸ್ಫಟಿಕದಂತಿತ್ತು.

"ರಘು, ಆಗ ಇಂಗ್ಲೆಂಡಲ್ಲಿ ದೊಡ್ಡವ್ರ ಮಾತು ಫ್ರೆಂಚು, ಪಂಡಿತರ ಮಾತು ಲ್ಯಾಟಿನ್ನು. ಇಂಗ್ಲಿಷು ಅಡುಗೆಮನೇಲಿ ಆಡೋ ಭಾಷೆ. ಕವಿಗಳು ಅದ್ರಲ್ಲಿ ಬರೆದ್ರು. ರಾಜ್ಯೋತ್ಸವಕ್ಕೆ ಇದಕ್ಕಿಂತ ಸರಿಯಾದ ವಿಷಯ ಇದ್ರೆ ಆ ಹುಡುಗ ಹೇಳ್ಲಿ, ನಾನು ಅದನ್ನೇ ಮಾತಾಡ್ತೀನಿ."

ಇದನ್ನು ತಲುಪಿಸಿದೆ; ಮರುದಿನವೇ ಹುಡುಗ ಆಮಂತ್ರಣ ಕಳಿಸಿದ.

ಫೋನಿನಲ್ಲಿ ಬಗೆಹರಿಯದ ಗಂಟುಗಳು ಹೆಚ್ಚಾದಾಗ ನಾನೇ ಬ್ರಿಸ್ಬೇನ್‌ಗೆ ಹೋದೆ. ಇಂಡೂರೂಪಿಲ್ಲಿಯ ದೊಡ್ಡ ಶಾಪಿಂಗ್ ಸೆಂಟರ್ ವಸುಧಾಳ ಮನೆಗೆ ಹತ್ತಿರ. ಹೊರಗೆ ಬಿಸಿಲಾದ್ದರಿಂದ ಮೇಷ್ಟ್ರ ವಾಕಿಂಗ್ ಅದರೊಳಗೇ. ಎರಡು ಸುತ್ತು ಹಾಕಿ ಮುಖ್ಯ ಬಾಗಿಲಿನ ಎದುರಿನ ಬೆಂಚಿನ ಮೇಲೆ ಕುಳಿತೆವು. ವಿಶ್ವವಿದ್ಯಾಲಯದ ಮಕ್ಕಳು, ಟ್ರಾಲಿ ತಳ್ಳುವ ತಾಯಂದಿರು ಒಳಗೂ ಹೊರಗೂ ಹರಿಯುತ್ತಿದ್ದರು. ಮೇಷ್ಟ್ರು ಬಾಗಿಲಿನ ಮೇಲ್ಭಾಗವನ್ನೇ ನೋಡುತ್ತಿದ್ದರು.

"ಇಂಥದೇ ಬಾಗಿಲ ಮೇಲೆ ನನ್ನ ಮನೆ ಇದ್ದದ್ದು. ಕೆಳಗಡೆ ಜನ, ಗಾಡಿ, ಗಲಾಟೆ. ಮೇಲೆ ನಾನು ಓದ್ತಾ ಇರ್ತಿದ್ದೆ."

ಇದು ನನಗೆ ಗ್ರಂಥಾಲಯದಿಂದ ಗೊತ್ತಿತ್ತು. ಕವಿಗಳು ಲಂಡನ್ ಕೋಟೆಯ ಒಂದು ಹೆಬ್ಬಾಗಿಲ ಮೇಲಿನ ಕೋಣೆಗಳಲ್ಲಿ ಬಾಡಿಗೆಗಿದ್ದರು. ರೈತರು ದಂಗೆಯೆದ್ದಾಗ ಅದೇ ಬಾಗಿಲಿನಿಂದ ಊರೊಳಗೆ ನುಗ್ಗಿದ್ದರು.

"ಸಾರ್, ಅದು ಕವಿಗಳ ಮನೆ," ಎಂದೆ, ಆದಷ್ಟು ಮೆಲ್ಲಗೆ.

ಮೇಷ್ಟ್ರು ನನ್ನ ಮುಖ ನೋಡಿದರು. ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ, ಪರೀಕ್ಷೆಯಲ್ಲಿ ಗೊತ್ತಿರುವ ಉತ್ತರವೇ ಕೈಕೊಟ್ಟ ಹುಡುಗನ ನೋಟವಿತ್ತು. "ಹೌದಾ?" ಎಂದರು. "ಇರ್ಬೇಕು. ನೀನು ಓದಿಕೊಂಡು ಬಂದಿದೀಯ."

ಸಂಜೆ ವಸುಧಾಳಿಗೆ ಹೇಳಿದೆ, ಒಂದು ಗಂಟು ಬಿಚ್ಚಿದೆನೆಂಬ ಹೆಮ್ಮೆಯಿಂದಲೇ. ಅವಳು ಸೌಟು ಹಿಡಿದವಳು ತಿರುಗಿ ನಿಂತಳು.

"ಅಯ್ಯೋ ರಘಣ್ಣ, ಅದು ನಿಜ! ನಿಮ್ಮೂರಿಗೆ ಬರೋ ಮೊದ್ಲು ಮೈಸೂರಲ್ಲಿ ನಾವು ಛತ್ರದ ಬಾಗಿಲ ಮೇಲಿನ ಎರಡು ಕೋಣೇಲಿದ್ವಿ, ನಾನು ಹೈಸ್ಕೂಲ್ ಸೇರೋವರೆಗೂ. ಕೆಳಗಡೆ ಮದುವೆ ದಿಬ್ಬಣ, ವಾಲಗ. ಮೇಲೆ ಅಪ್ಪ ಓದ್ತಾ ಇರೋರು."

ಪಕ್ಕದಲ್ಲಿ ಅವಳ ಮಗಳು ತಾರಾ ಫೋನ್ ನೋಡುತ್ತಾ ಕುಳಿತಿದ್ದಳು. ತಲೆಯೆತ್ತದೆ, "ಸೋ ದೇ ಬೋತ್ ಲಿವ್ಡ್ ದೇರ್. ವಾಟ್ಸ್ ದ ಪ್ರಾಬ್ಲಮ್?" ಎಂದಳು.

ನಾನು ಕಾಗದ ತೆಗೆದು, ಬಾಗಿಲ ಮೇಲಿನ ಮನೆಯ ಮುಂದೆ 'ಇಬ್ಬರದೂ' ಎಂದು ಬರೆದು, ಮತ್ತೆ ಹೊಡೆದುಹಾಕಿದೆ.

ಪರ್ತ್‌ಗೆ ಮರಳಿದ ಮೇಲೆ ಶೈಲಜಾಳ ಮುಂದೆ ಹೇಳಿಕೊಂಡೆ. ಅವಳು ಗಣಿಯಿಂದ ಬಂದು, ಕೆಂಪು ದೂಳಿನ ಬೂಟು ಹಿತ್ತಿಲಲ್ಲಿ ಬಡಿಯುತ್ತಿದ್ದಳು. "ಎರಡು ಬೋರ್‌ಹೋಲಿನ ಕಲ್ಲು ಒಂದೇ ಟ್ರೇನಲ್ಲಿ ಬಿದ್ದು ಮಿಕ್ಸ್ ಆದ್ರೆ ನಾವು ಎಸೆದು ಮತ್ತೆ ಕೊರೀತೀವಿ," ಎಂದಳು.

"ಮೇಷ್ಟ್ರನ್ನ ಮತ್ತೆ ಕೊರೆಯೋಕಾಗತ್ತಾ?"

"ಅದಕ್ಕೇ ಹೇಳ್ತಿರೋದು. ಬಿಟ್ಬಿಡಿ ಅವರನ್ನ."

ನಾನು ಬಿಡಲಿಲ್ಲ. ವೃತ್ತಿಯ ಚಟ. ಭಾಷಣ ಸಿದ್ಧವಾಯಿತು, ದೊಡ್ಡ ಅಕ್ಷರದಲ್ಲಿ, ಎರಡು ಹಾಳೆ. ಪ್ರತಿ ಸಂಗತಿಗೂ ಆಧಾರ. 'ನಾನು' ಎಂಬ ಪದ ಒಂದು ಕಡೆಯೂ ಇಲ್ಲ. ಅಷ್ಟೇ ಅಲ್ಲ, ಒಂದು ಸಂಕೇತವನ್ನೂ ಗೊತ್ತುಮಾಡಿದೆ. ನಾನು ಮುಂದಿನ ಸಾಲಿನಲ್ಲಿ ಕೂರುತ್ತೇನೆ. ಮೇಷ್ಟ್ರು 'ಕವಿಗಳು' ಎನ್ನುವ ಬದಲು 'ನಾನು' ಎಂದರೆ ಕನ್ನಡಕ ತೆಗೆಯುತ್ತೇನೆ. ಅವರು ತಿದ್ದಿಕೊಳ್ಳಬೇಕು. ಮೇಷ್ಟ್ರು ಇದನ್ನು ಕೇಳಿ ಖುಷಿಪಟ್ಟರು. "ಕಾಪಿ ಹೊಡೆಸೋ ವ್ಯವಸ್ಥೆ ಅನ್ನು," ಎಂದರು.

ಅಡಿಲೇಡಿನಲ್ಲಿ ಒಂದು ಶಾಲೆಯ ಸಭಾಂಗಣ. ನಾನು ಪರ್ತ್‌ನಿಂದ ಹೋದೆ, ವಸುಧಾ ಮತ್ತು ಮೇಷ್ಟ್ರು ಬ್ರಿಸ್ಬೇನ್‌ನಿಂದ ಬಂದರು. ಮೇಷ್ಟ್ರು ಬೂದು ಕೋಟು ಹಾಕಿ, ನನ್ನ ಎರಡು ಹಾಳೆಗಳನ್ನು ಒಳಜೇಬಿನಲ್ಲಿಟ್ಟುಕೊಂಡಿದ್ದರು. ಕಾರ್ಯಕ್ರಮ ಎಂದಿನಂತೆ ತಡವಾಯಿತು. ಪ್ರೊಜೆಕ್ಟರ್ ಕೈಕೊಟ್ಟಿತ್ತು.

ಮೇಷ್ಟ್ರಿಗಿಂತ ಮೊದಲು ಮಕ್ಕಳ ಏಕಪಾತ್ರಾಭಿನಯ. ನಮ್ಮ ಸಂಘಗಳ ಕಾರ್ಯಕ್ರಮ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ನೀಲಿ ಸೀರೆಯ ಪುಟ್ಟ ಹುಡುಗಿ ಬಂದು "ನಾನು ಕಾವೇರಿ. ನಾನು ಹುಟ್ಟಿದ್ದು ಕೊಡಗಿನಲ್ಲಿ," ಎಂದಳು. ರಟ್ಟಿನ ಕತ್ತಿ ಹಿಡಿದ ಇನ್ನೊಬ್ಬಳು "ನಾನು ರಾಣಿ," ಎಂದು ಗುಡುಗಿ, ಮುಂದಿನ ಸಾಲು ಮರೆತು ಅಮ್ಮನ ಕಡೆ ನೋಡಿದಳು. ಹಳದಿ ರಟ್ಟಿನ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡಿದ್ದ ಹುಡುಗ "ನಾನು ಮೈಸೂರು ಪಾಕ್," ಎಂದ. ಭಾರಿ ಚಪ್ಪಾಳೆ. ಕೊನೆಯ ಮಗು ಇಳಿಯುತ್ತಿದ್ದಂತೆ ಪ್ರಶಾಂತ ಓಡಿಬಂದು ಮೈಕ್ ಹಿಡಿದ. "ಟೈಮ್ ಇಲ್ಲ, ಊಟ ರೆಡಿ ಇದೆ, ಆದ್ರೂ ಯಾರೂ ಏಳ್ಬೇಡಿ. ಈಗ ನರಹರಿ ಅಂಕಲ್!" ಪರಿಚಯ ಅಷ್ಟೇ.

ಮೇಷ್ಟ್ರು ಮೈಕಿನ ಮುಂದೆ ನಿಂತು ಒಳಜೇಬು ಮುಟ್ಟಿಕೊಂಡರು. ಹಾಳೆ ತೆಗೆಯಲಿಲ್ಲ. ಸಭೆಯನ್ನು ಒಮ್ಮೆ ನೋಡಿದರು, ತರಗತಿ ನೋಡುವಂತೆ.

"ನಾನು ಹುಟ್ಟಿದ್ದು ಲಂಡನ್ನಿನಲ್ಲಿ."

ನಾನು ಕನ್ನಡಕ ತೆಗೆದೆ. ಪಕ್ಕದಲ್ಲಿದ್ದ ವಸುಧಾ ನನ್ನ ಮುಂಗೈ ಹಿಡಿದಳು.

"ನಮ್ಮ ತಂದೆ ದ್ರಾಕ್ಷಾರಸದ ವ್ಯಾಪಾರಿ."

ನಾನು ಕನ್ನಡಕ ಹಾಕಿ ಮತ್ತೆ ತೆಗೆದೆ. ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸಿನ ಪಿಸುಮಾತು ಕೇಳಿತು: "ಇದು ದೊಡ್ಡವ್ರ ಕ್ಯಾಟಗರಿನಾ?"

"ಇರ್ಬೇಕು," ಎಂದಿತು ಗಂಡಸಿನ ದನಿ. "ಆದ್ರೆ ಕಾಸ್ಟ್ಯೂಮ್ ಇಲ್ಲ."

"ಕೋಟ್ ಹಾಕಿದಾರಲ್ರೀ. ಇಂಗ್ಲಿಷ್‌ನವ್ರು."

ವಸುಧಾ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಅಷ್ಟರಲ್ಲಿ ಮೇಷ್ಟ್ರು ಫ್ರಾನ್ಸಿನಲ್ಲಿ ಸೆರೆಯಾಗಿದ್ದರು. "ರಾಜರು ಹಣ ಕಳಿಸಿ ನನ್ನನ್ನು ಬಿಡಿಸಿಕೊಂಡರು. ಅದೇ ಸಲ ಯಾರದ್ದೋ ಕುದುರೆಗೂ ಹಣ ಕೊಟ್ಟರು. ಕುದುರೆಗೆ ಸ್ವಲ್ಪ ಜಾಸ್ತಿ ಕೊಟ್ಟರು ಅಂತ ಆಮೇಲೆ ಗೊತ್ತಾಯಿತು."

ಸಭೆ ನಕ್ಕಿತು. ವಸುಧಾಳ ಉಗುರು ನನ್ನ ಕೈಗೆ ನಾಟಿತು, ಆಮೇಲೆ ಮೆಲ್ಲಗೆ ಸಡಿಲವಾಯಿತು. ಅವರು ನಕ್ಕದ್ದು ನಗಬೇಕಾದ ಜಾಗದಲ್ಲೇ.

ಸುಂಕದ ಕಟ್ಟೆ ಬಂತು. ದಿನಕ್ಕೊಂದು ಹೂಜಿ ಕಾಫಿ ಬಂತು. ಅದಕ್ಕೂ ನಗು. ಬಸ್ ಸ್ಟ್ಯಾಂಡಿನ ದರೋಡೆಗೆ ಇನ್ನೂ ದೊಡ್ಡ ನಗು. ನಾನು ಪ್ರಾಮಾಣಿಕವಾಗಿ ಕನ್ನಡಕ ತೆಗೆದು ಹಾಕುತ್ತಲೇ ಇದ್ದೆ. ಮೇಷ್ಟ್ರು ಒಮ್ಮೆ ನಿಲ್ಲಿಸಿ, "ಮುಂದೆ ಕೂತವರ ಕಣ್ಣಿಗೆ ಏನೋ ಬಿದ್ದಿದೆ, ಯಾರಾದರೂ ನೋಡಿ," ಎಂದರು. ನಾನು ಕನ್ನಡಕವನ್ನು ಜೇಬಿಗಿಟ್ಟೆ. ಅಲ್ಲಿಂದ ಮುಂದೆ ಮೇಷ್ಟ್ರು ನನಗೆ ಮಸುಕಾಗಿಯೇ ಕಂಡರು.

"ದೊಡ್ಡವರ ಮನೆಗಳಲ್ಲಿ ಬೇರೆ ಭಾಷೆ ಆಡುತ್ತಿದ್ದರು," ಎಂದರು ಆ ಮಸುಕಿನೊಳಗಿಂದ. "ಕಚೇರಿಯಲ್ಲೂ ಬೇರೆ. ನಮ್ಮ ಮಾತು ಅಡುಗೆಮನೆಯಲ್ಲಿ ಉಳಿದಿತ್ತು. ಮಕ್ಕಳನ್ನು ನಮ್ಮ ಮಾತಲ್ಲಿ ಕರೆದರೆ ದೊಡ್ಡವರ ಮಾತಲ್ಲಿ ಓಗೊಡುತ್ತಿದ್ದವು. ಇದರಲ್ಲಿ ಬರೆದು ಏನು ಮಾಡುತ್ತೀಯ ಎಂದು ಗೆಳೆಯರು ಕೇಳಿದರು. ನನಗೂ ಗೊತ್ತಿರಲಿಲ್ಲ. ಬೇರೆ ಭಾ‌ಷೆಯಲ್ಲಿ ನನಗೆ ಜೋಕು ಬರುತ್ತಿರಲಿಲ್ಲ, ಅದಕ್ಕೇ ಬರೆದೆ."

ಯಾರೂ ನಗಲಿಲ್ಲ.

"ಬಾಗಿಲ ಮೇಲೆ ನನ್ನ ಮನೆ. ನನಗೊಬ್ಬಳು ಮಗಳು. ಪುಸ್ತಕದವರು ಅವಳ ವಿಷಯ ಖಚಿತವಿಲ್ಲ ಅನ್ನುತ್ತಾರೆ. ಅವರಿಗೆ ಖಚಿತವಿಲ್ಲದಿದ್ದರೆ ಬೇಡ. ನಾನು ಒಳಗೆ ಓದುವಾಗ ಅವಳು ಮೆಟ್ಟಿಲ ಮೇಲೆ ಕೂತು, ಕೆಳಗೆ ಹೋಗುವವರಿಗೆಲ್ಲ ಒಂದೊಂದು ಹೆಸರಿಡುತ್ತಿದ್ದಳು. ದಪ್ಪ ಮೂಗಿನ ವಾಲಗದವನಿಗೆ ಕುಂಬಳಕಾಯಿ ಮಾಮ. ನಾನು ಬರೆದದ್ದರಲ್ಲಿ ಒಳ್ಳೆಯ ಮನುಷ್ಯರೆಲ್ಲ ಅವಳು ಹೆಸರಿಟ್ಟವರೇ. ಅವಳು ಇದ್ದಳು. ಅಷ್ಟು ಹೇಳಬೇಕಿತ್ತು. ನಮಸ್ಕಾರ."

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವಸುಧಾ ಏಳಲಿಲ್ಲ. ಏಳಲು ಆಗಲಿಲ್ಲ ಎಂದು ಬರೆದರೆ ಅದೇ ಸರಿ.

ಪ್ರಶಾಂತ ಶಾಲು ಹೊದಿಸಿ, "ಅದ್ಭುತವಾದ ಏಕಪಾತ್ರಾಭಿನಯ!" ಎಂದು ಘೋಷಿಸಿದ. ಹಿಂದಿನ ಸಾಲಿನ ಹೆಂಗಸು ಓಡಿಬಂದು, "ಅಂಕಲ್, ಒಂದ್ಸಲಾನೂ ಕ್ಯಾರೆಕ್ಟರ್ ಬಿಟ್ಟು ಆಚೆ ಬರ್ಲಿಲ್ಲ ನೀವು!" ಎಂದು ಕೈಮುಗಿದಳು. ಮೇಷ್ಟ್ರು ಸೌಜನ್ಯದಿಂದ ನಕ್ಕು, ನನ್ನ ಕಿವಿಯ ಹತ್ತಿರ, "ಯಾರು ಅಭಿನಯ ಮಾಡಿದ್ದು?" ಎಂದು ಕೇಳಿದರು.

ಊಟಕ್ಕೆ ಕುಳಿತೆವು. ಮೇಷ್ಟ್ರು ಕಾಗದದ ತಟ್ಟೆಯ ಬಿಸಿಬೇಳೆಭಾತ್ ಮುಗಿಸಿ, ಕೈ ಒರೆಸಿಕೊಂಡು, ಕೋಟಿನ ಒಳಜೇಬಿನಿಂದ ಎರಡು ಹಾಳೆ ತೆಗೆದು ಮಡಿಕೆ ಬಿಚ್ಚಿದರು.

"ರಘು, ನನ್ನ ಭಾಷಣ ಎಷ್ಟೊತ್ತಿಗೆ?"

ನಾನು ವಸುಧಾಳನ್ನು ನೋಡಿದೆ. ಅವಳು ನೀರಿನ ಲೋಟ ಕೆಳಗಿಟ್ಟಳು. "ಇಲ್ಲಿ ಟೈಮ್ ಆಗೋಯ್ತಂತೆ ಅಪ್ಪ. ಕಾರಲ್ಲಿ ಹೇಳಿ, ನಾವಿಬ್ರೂ ಕೇಳ್ತೀವಿ."

"ಇಬ್ರೇನಾ?" ಎಂದರು ಮೇಷ್ಟ್ರು. ಸ್ವಲ್ಪ ಯೋಚಿಸಿ, "ಪರ್ವಾಗಿಲ್ಲ. ಪಕ್ಕದ ಹಳಗನ್ನಡದ ಕ್ಲಾಸಲ್ಲಿ ಇದಕ್ಕಿಂತ ಕಮ್ಮಿ ಇರ್ತಿದ್ರು," ಎಂದರು.

ವಿಮಾನ ನಿಲ್ದಾಣಕ್ಕೆ ಬಾಡಿಗೆ ಕಾರು. ವಸುಧಾ ಓಡಿಸುತ್ತಿದ್ದಳು, ಮೇಷ್ಟ್ರು ಅವಳ ಪಕ್ಕದಲ್ಲಿ, ನಾನು ಹಿಂದೆ. ಮೇಷ್ಟ್ರು ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಮಾತನಾಡಿದರು. ಅದನ್ನು ನೋಡುವ ಅಗತ್ಯವೇ ಬೀಳಲಿಲ್ಲ. ಕವಿಗಳ ಕಾಲ, ಸ್ಥಳ, ತಂದೆ, ಆಶ್ರಯದಾತರು. ಪ್ಲೇಗಿನಲ್ಲಿ ಗುಡಿಸಲು ಇಲ್ಲ. ಹೂಜಿಯಲ್ಲಿ ದ್ರಾಕ್ಷಾರಸ. ದರೋಡೆ ಹೆದ್ದಾರಿಯಲ್ಲಿ. ಎಲ್ಲವೂ ಜಾಗದಲ್ಲಿತ್ತು, ನಾನು ಅಂಟಿಸಿದ ಹಾಗೆ. ಒಂದು ಸಲವೂ 'ನಾನು' ಬರಲಿಲ್ಲ. ಕಾಲೇಜಿನ ದಿನಗಳ ನಂತರ ಅವರು ಅಷ್ಟು ಸ್ಪಷ್ಟವಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನಗೆ ಸಂತೋಷವಾಗಬೇಕಿತ್ತು.

"ಕವಿಗಳ ಗಂಡು ಮಕ್ಕಳ ವಿಷಯದಲ್ಲಿ ಆಧಾರಗಳು ದೊರೆಯುತ್ತವೆ," ಎಂದರು ಮೇಷ್ಟ್ರು, ನನ್ನದೇ ವಾಕ್ಯ. "ಮಗಳೊಬ್ಬಳು ಇದ್ದಳೆಂದು ಖಚಿತವಾಗಿ ಹೇಳಲಾಗದು."

ಸಿಗ್ನಲ್ ಹಸಿರಾಗಿತ್ತು. ವಸುಧಾ ಕಾರು ಎತ್ತಲಿಲ್ಲ. ಹಿಂದಿನವರು ಹಾರ್ನ್ ಮಾಡಿದ ಮೇಲೆ ಎತ್ತಿದಳು.

ಭಾಷಣ ಮುಗಿಯಿತು. "ಹೇಗಿತ್ತಯ್ಯ?" ಎಂದು ಮೇಷ್ಟ್ರು ಹಿಂದೆ ತಿರುಗಿದರು.

"ಒಂದು ತಪ್ಪೂ ಇಲ್ಲ ಸಾರ್."

"ನಿಂಗೆ?" ಎಂದರು ಮಗಳಿಗೆ.

"ಚೆನ್ನಾಗಿತ್ತಪ್ಪ," ಎಂದಳು ರಸ್ತೆ ನೋಡುತ್ತಾ. "ಆದ್ರೆ ಬೆಳಗ್ಗೆ ಹಾಲ್‌ನಲ್ಲಿ ಒಬ್ರು ಇದೇ ಕವಿಗಳ ಬಗ್ಗೆ ಮಾತಾಡಿದ್ರು. ನಂಗೆ ಅದೇ ಹಿಡಿಸ್ತು."

"ಬೇರೆ ಒಬ್ರು ಮಾತಾಡಿದ್ರಾ? ಯಾರು?"

"ನಮ್ಮ ಕಡೆಯವ್ರೇ. ಮಗಳು ಇದ್ಲು ಅಂದ್ರು."

"ಖಚಿತವಾಗಿ ಹೇಳಿದ್ರಾ?"

"ಖಚಿತವಾಗಿ ಹೇಳಿದ್ರು."

ಮೇಷ್ಟ್ರು ಹಾಳೆಯನ್ನು ನೋಡಿದರು. ಆಮೇಲೆ ಅದನ್ನು ಸೀಟಿನ ನಡುವಿನಿಂದ ನನ್ನ ಕಡೆಗೆ ಚಾಚಿದರು.

"ಹಾಗಾದ್ರೆ ನಮಗೆ ಸಿಗದೆ ಇರೋ ಆಧಾರ ಅವರಿಗೆ ಸಿಕ್ಕಿರ್ಬೇಕು. ರಘು, ಕಾಪಿ ತಿದ್ದು."